ಕಪ್ಪು ಮೂರರ ದನಿ

"ಇದು ನನ್ನ ದನಿ ಅಲ್ರಿ," ಅಂದಳು ರೇವವ್ವ.

ಮಲಕಪ್ಪ ನಕ್ಕುಬಿಟ್ಟ. ಆ ಒಂದು ನಗು ಮುಂದೆ ಅವನ ನಿದ್ದೆ ಕೆಡಿಸಲಿತ್ತು. ಆದರೆ ಆ ಸಂಜೆ ಅವನಿಗೇನು ಗೊತ್ತು? ಕುಂದಗೋಳದ ಸ್ಟೇಷನ್ ರಸ್ತೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟು ಏಳು ವರ್ಷ, ಅದರ ಹಿಂದಿನ ಕೋಣೆಗೆ ಗೋಣಿಚೀಲ ಬಡಿದು ರೆಕಾರ್ಡಿಂಗ್ ರೂಮು ಎಂದು ಕರೆಯತೊಡಗಿ ಎರಡು ವರ್ಷ. ಭಜನೆ ಮೇಳದ ಗೌಡರು, ಸೋಬಾನೆಯ ಅಜ್ಜಿಯರು, ನಾಟಕದ ಮಾಸ್ತರರು, ಯಾರೇ ಬರಲಿ, ತಮ್ಮ ದನಿ ಮೊದಲ ಸಲ ಪೆಟ್ಟಿಗೆಯೊಳಗಿಂದ ಬಂದಾಗ ಎಲ್ಲರೂ ಹೇಳುವುದು ಇದೇ ಮಾತು.

"ಮೊದಲನೇ ಸಲ ಎಲ್ಲಾರೂ ಹಿಂಗ ಅಂತಾರ್ರಿ. ನಮ್ಮ ದನಿ ನಮಗ ತಲಿ ಒಳಗಿಂದ ಕೇಳಸ್ತೈತಿ. ಮಂದಿಗೆ ಕೇಳಸೋದು ಇದು."

ರೇವವ್ವ ಮಷಿನ್ನಿನ ಮೇಲೆ ತಿರುಗುತ್ತಿದ್ದ ಟೇಪಿನ ಎರಡು ಸ್ಪೂಲುಗಳನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಕಿವಿಯ ಬೆಂಡೋಲೆ ಅಲ್ಲಾಡಿತು.

"ಮಂದಿಗೆ ನಾ ಇಷ್ಟು ಚಂದ ಕೇಳಸ್ತೀನೇನ್ರಿ?"

ಇದಕ್ಕೆ ಉತ್ತರ ಕೊಡುವುದು ಮೆಕ್ಯಾನಿಕ್ಕನ ಕೆಲಸವಲ್ಲ. ಮಲಕಪ್ಪ ಸುಮ್ಮನೆ ಟೇಪಿನ ಧೂಳು ಒರೆಸಿದ. ಅಲ್ಲಿ ಧೂಳು ಇರಲಿಲ್ಲ.

ಅವಳು ಕುಬಿಹಾಳದ ಬಾಲವಾಡಿ ಟೀಚರು. ಅಂಗಳದಲ್ಲಿ ನಿಂತು ಮಕ್ಕಳನ್ನು ಕೂಗಿದರೆ ಆಚೆ ಹೊಲದಲ್ಲಿ ಹತ್ತಿ ಬಿಡಿಸುವವರು ತಲೆ ಎತ್ತಿ ನೋಡುತ್ತಿದ್ದರು. ಅಂಥ ತುಂಬಿದ, ಭಾರವಾದ ದನಿ. ಹೋದ ವರ್ಷ ಕನ್ಯೆ ನೋಡಲು ಬಂದವರು ಹಾಡು ಹೇಳಿಸಿ, ಅವಲಕ್ಕಿ ತಿಂದು, ಹೊರಡುವಾಗ ಬಾಗಿಲಲ್ಲೇ ನಿಂತು ಅಂದಿದ್ದರು: "ಹುಡುಗಿ ಚಲೋ ಅದಾಳ. ದನಿ ಮಾತ್ರ ಗಂಡಸೂರ ದನಿ." ಅಂದಿನಿಂದ ರೇವವ್ವ ಮಂದಿಯ ಮುಂದೆ ಹಾಡುವುದನ್ನು ಬಿಟ್ಟಿದ್ದಳು. ಅವಳನ್ನು ಸಾಕಿ ಬೆಳೆಸಿ ಹಾಡು ಕಲಿಸಿದ ದೊಡ್ಡವ್ವ ಮೈಲಾರವ್ವನೇ ಹಟ ಹಿಡಿದು ಇಲ್ಲಿಗೆ ಕರೆದುಕೊಂಡು ಬಂದದ್ದು.

ಹಾಡಿದ್ದು ಹಿಂದಿನ ವಾರ, ಬೆಳಿಗ್ಗೆ ಹನ್ನೊಂದಕ್ಕೆ. ಹಾಡು ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಗಿತ್ತು. ಬಸ್ಸಿನ ಹೊತ್ತಾಯಿತೆಂದು ಕೇಳದೆಯೇ ಹೋಗಿದ್ದಳು. ಈಗ ಸಂಜೆ ಕೇಳಲು ಬಂದರೆ ಪೆಟ್ಟಿಗೆಯಿಂದ ಹೊರಬಂದದ್ದು ತೆಳ್ಳಗಿನ, ಎತ್ತರದ, ಹದಿನಾರರ ಹುಡುಗಿಯ ದನಿ.

ತಬಲಾ ಬಾರಿಸಿದ್ದ ಪಕ್ಕದಂಗಡಿಯ ಟೇಲರ್ ನಬೀಸಾಬನಿಗಂತೂ ಹಿಗ್ಗೋ ಹಿಗ್ಗು. "ಕೇಳಲೇ ಮಲಕ್ಯಾ, ನನ್ನ ಕೈ ಹ್ಯಾಂಗ ಓಡ್ಯಾವು! ಇಷ್ಟು ಜೋರ ಬಾರಿಸಿದ್ನೇನ ನಾನು?"

"ಬಾರಿಸಿರಬೇಕ ತಗೋ," ಅಂದ ಮಲಕಪ್ಪ. ಹೊಗಳಿಕೆಯನ್ನು ಯಾರೂ ತನಿಖೆ ಮಾಡುವುದಿಲ್ಲ. ಮರುದಿನವೇ ಅದನ್ನು ಕ್ಯಾಸೆಟ್ಟಿಗೆ ಇಳಿಸಿ ಹುಬ್ಬಳ್ಳಿಯ ಒಂದು ಕ್ಯಾಸೆಟ್ ಕಂಪನಿಗೆ ಕಳಿಸಿಕೊಟ್ಟ.

ಮೂರೇ ವಾರಕ್ಕೆ ಕಾಗದ ಬಂತು. ಇದೇ ಎತ್ತರದ, ಇದೇ ಎಳೆಯ ದನಿಯಲ್ಲಿ ಎಂಟು ಭಕ್ತಿಗೀತೆ ಬೇಕು, ತಿಂಗಳೊಳಗೆ ಬೇಕು, ಶ್ರುತಿ ಮಾತ್ರ ಇಳಿಯಬಾರದು ಎಂದು ಮ್ಯಾನೇಜರು ಬರೆದಿದ್ದರು.

ರೇವವ್ವ ಆ ಕಾಗದವನ್ನು ಎರಡು ಸಲ ಓದಿ ಎದೆಗೊತ್ತಿಕೊಂಡಳು. ಅವಳ ಕಣ್ಣು ತುಂಬಿದ್ದನ್ನು ಮಲಕಪ್ಪ ನೋಡಿದ. ನೋಡಿದ್ದನ್ನು ಅವಳೂ ನೋಡಿದಳು.

"ಇಪ್ಪತ್ತನಾಲ್ಕು ವರ್ಷ ಆತ್ರಿ, ಇದು ನನ್ನೊಳಗ ಇತ್ತು ಅಂತ ನನಗ ಗೊತ್ತಿರಲಿಲ್ಲ. ನೀವು ನನ್ನ ದನಿ ನನಗ ಕೊಟ್ರಿ. ಈ ಉಪಕಾರ ಹ್ಯಾಂಗ ತೀರಸ್ಲಿ?"

ಅಂದಿನಿಂದ ಪ್ರತಿ ಗುರುವಾರ ಕುಬಿಹಾಳದ ಬಸ್ಸಿನಲ್ಲಿ ಒಂದು ಡಬ್ಬಿ ಬರತೊಡಗಿತು. ಒಂದು ವಾರ ಶೇಂಗಾ ಹೋಳಿಗೆ, ಇನ್ನೊಂದು ವಾರ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕೆಂಪು ಚಟ್ನಿ. ಡಬ್ಬಿ ಕೊಡುವಾಗ ಅವಳ ಬೆರಳು ಅವನ ಬೆರಳಿಗೆ ತಾಗುತ್ತಿರಲಿಲ್ಲ. ತಾಗದಂತೆ ಇಬ್ಬರೂ ಎಷ್ಟು ಜಾಗ್ರತೆ ಮಾಡುತ್ತಿದ್ದರೆಂದರೆ, ನಬೀಸಾಬ ಹೊಲಿಗೆ ಮಷಿನ್ನಿನ ಮುಂದೆ ಕುಳಿತಲ್ಲಿಂದಲೇ ನಗುತ್ತಿದ್ದ.

ಎಂಟು ಹಾಡಿನ ಕೆಲಸಕ್ಕೆ ಹೊಸ ಮಷಿನ್ನೂ ಬಂತು. ಕುವೈತಿನಲ್ಲಿದ್ದ ನಬೀಸಾಬನ ಮಾವನ ಮಗ ತಂದುಕೊಟ್ಟ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಮಷಿನ್. ಜೊತೆಗೆ ಅಂಗೈಯಗಲದ ರಿದಮ್ ಬಾಕ್ಸು. ತಾಳ ಹೊಂದಿಸಿಟ್ಟರೆ ದಣಿವಿಲ್ಲದೆ ಟಿಕ್ ಟಿಕ್ ಎನ್ನುತ್ತಿತ್ತು. ನಬೀಸಾಬನ ಹಳೆಯ ಹಾರ್ಮೋನಿಯಮ್ಮಿನ ಶ್ರುತಿ ಲೋಕದ ಯಾವ ಶ್ರುತಿಗೂ ಹೊಂದುತ್ತಿರಲಿಲ್ಲವಾದ್ದರಿಂದ ಮಠದಿಂದ ಒಳ್ಳೆಯ ಹಾರ್ಮೋನಿಯಂ ಕೇಳಿ ತಂದರು. ಕಂಪನಿಗೆ ಕಳಿಸಿದ ಕ್ಯಾಸೆಟ್ಟಿನ ಪ್ರತಿ ಹಾಕಿ, ಒಂದೊಂದೇ ಮನೆ ಒತ್ತಿ ನೋಡಿದಾಗ ಶ್ರುತಿ ನಾಲ್ಕನೆಯ ಕಪ್ಪು ಮನೆಗೆ, ಎಂದರೆ ಕಪ್ಪು ನಾಲ್ಕಕ್ಕೆ, ಕೂತಿತು.

"ಇದರಾಗ ಹಾಡ್ರಿ," ಅಂದ ಮಲಕಪ್ಪ.

ರೇವವ್ವ ಹಾಡಿದಳು. ಮೇಲಿನ ಷಡ್ಜಕ್ಕೆ ಹೋಗುವಷ್ಟರಲ್ಲಿ ದನಿ ಒಡೆಯಿತು. ಮತ್ತೆ ಹಾಡಿದಳು, ಮತ್ತೆ ಒಡೆಯಿತು. ಕಿವಿಗೆ ಹೆಡ್‌ಫೋನು, ಅದರೊಳಗೆ ನಿಲ್ಲದ ಟಿಕ್ ಟಿಕ್. ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಅವಳು ಬರಲಿಲ್ಲ. ಮೈಲಾರವ್ವ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು.

"ಹುಡುಗಿ ಗಂಟಲಾ ಕಟ್ಟೈತ್ಯೋ ತಮ್ಮಾ. ಹಗಲೂ ರಾತ್ರಿ ಆ ಎತ್ತರದ ಸುರಾ ಹಿಡ್ಯಾಕ ಹೋಗಿ ಮಾತೂ ಹೊರಡವೊಲ್ದು. ದೇವರು ಕೊಟ್ಟದ್ದನ್ನ ನಾನ ಕಳಕೊಂಡೆ ಅಂತ ಅಳಾಕತ್ತಾಳ."

ಮಲಕಪ್ಪನಿಗೆ ಊಟ ರುಚಿಸಲಿಲ್ಲ. ತಪ್ಪು ಹೊಸ ಮಷಿನ್ನಿನದೇ ಇರಬೇಕು, ಹಳೆಯ ಸ್ಪೂಲ್ ಮಷಿನ್ನಿನಲ್ಲೇ ಮಾಡಿಬಿಡೋಣವೇ ಎಂದು ಯೋಚಿಸಿದ. ಏನನ್ನು ಯೋಚಿಸಿದರೂ ಬರೆದು ನೋಡುವುದು ಅವನ ಪದ್ಧತಿ. ನೋಟಬುಕ್ಕಿನಲ್ಲಿ ನಡುವೆ ಗೆರೆ ಎಳೆದ. ಎಡಕ್ಕೆ ಸ್ಪೂಲು: ಎಲ್ಲರೂ ಕೂಡಿಯೇ ಹಾಡಬೇಕು, ಬಾರಿಸಬೇಕು, ಒಬ್ಬರು ತಪ್ಪಿದರೂ ಮೊದಲಿನಿಂದ ಶುರು, ಆದರೆ ದನಿ ತುಂಬಿಕೊಂಡು ಬರುತ್ತದೆ. ಬಲಕ್ಕೆ ನಾಲ್ಕು ಟ್ರ್ಯಾಕು: ಹಾರ್ಮೋನಿಯಂ ಇವತ್ತು, ತಬಲಾ ನಾಳೆ, ಹಾಡು ನಾಡಿದ್ದು, ತಪ್ಪಿದ ಸಾಲನ್ನಷ್ಟೇ ತಿದ್ದಬಹುದು, ಬೇಕಾದರೆ ಗುಂಡಿ ತಿರುವಿ ಶ್ರುತಿಯನ್ನೂ ಏರಿಸಬಹುದು.

ಟೇಪಿನ ಓಟ ಯಾವುದರಲ್ಲಿ ಸ್ಥಿರ ಎಂಬ ಸಾಲು ಖಾಲಿ ಉಳಿಯಿತು. ಅದನ್ನು ತುಂಬಲು ಬೆಳಿಗ್ಗೆ ಹನ್ನೊಂದಕ್ಕೆ ಎರಡೂ ಮಷಿನ್ ಹಚ್ಚಿ, ಹಾರ್ಮೋನಿಯಮ್ಮಿನಲ್ಲಿ ಅದರ ಕೆಳಗಿನ ಕಪ್ಪು ಮನೆಯನ್ನು, ಕಪ್ಪು ಮೂರನ್ನು, ಒತ್ತಿ ಹಿಡಿದು ಎರಡರಲ್ಲೂ ತುಂಬಿಸಿಕೊಂಡ. ಸಂಜೆ ಕೂತು ಕೇಳಿದ. ಟ್ರ್ಯಾಕ್ಟರ್ ಬ್ಯಾಟರಿಯ ಮೇಲೆ ಓಡುವ ಹೊಸದು ಕಪ್ಪು ಮೂರನ್ನು ಕಪ್ಪು ಮೂರಾಗಿಯೇ ನುಡಿಯಿತು. ಹಳೆಯ ಸ್ಪೂಲಿನಿಂದ ಬಂದದ್ದು ಕಪ್ಪು ನಾಲ್ಕು.

ಮಲಕಪ್ಪ ತಲೆ ಎತ್ತಿ ಟ್ಯೂಬ್‌ಲೈಟನ್ನು ನೋಡಿದ.

ಕುಂದಗೋಳದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ವಿಷಯ ಅದು. ಬೆಳಿಗ್ಗೆ ಹತ್ತಕ್ಕೆ ಹೊಲಗಳಿಗೆ ಮೂರು ಫೇಸ್ ಕರೆಂಟು ಬಿಡುತ್ತಾರೆ; ಸುತ್ತಲಿನ ಪಂಪುಗಳೆಲ್ಲ ಒಮ್ಮೆಲೇ ಶುರುವಾಗುತ್ತವೆ; ಊರಿನ ಬಲ್ಬುಗಳೆಲ್ಲ ಕೆಂಪಗಾಗಿ ಸೊರಗುತ್ತವೆ. ಆದರೆ ರೆಕಾರ್ಡಿಂಗ್ ಹೊತ್ತಿಗೆ ಟ್ಯೂಬ್‌ಲೈಟಿನ ಗುಂಯ್ ಸದ್ದು ಬೇಡವೆಂದು ಮಲಕಪ್ಪ ದೀಪ ಆರಿಸಿ ಕತ್ತಲಲ್ಲಿ ಕೂರುತ್ತಿದ್ದ. ಮಷಿನ್ನು ಕುಂಟುತ್ತ ನಡೆದದ್ದು ಅವನಿಗೆ ಕಾಣಲೇ ಇಲ್ಲ. ಹಾಗೆ ನಿಧಾನವಾಗಿ ತುಂಬಿಕೊಂಡ ಟೇಪನ್ನು ಸಂಜೆಯ ಪೂರ್ತಿ ಕರೆಂಟಿನಲ್ಲಿ ಓಡಿಸಿದರೆ ತಾಳ ಓಡುತ್ತದೆ, ದನಿ ಏರುತ್ತದೆ. ರೇವವ್ವ ಮೊದಲ ದಿನ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಇವನು ನಕ್ಕಿದ್ದ.

"ಅಂದ್ರ ನನ್ನ ಕೈ ಓಡಿಲ್ಲ ಅನ್ನು," ಅಂದ ಎಲ್ಲ ಕೇಳಿಸಿಕೊಂಡ ನಬೀಸಾಬ. ಆಮೇಲೆ ದನಿ ತಗ್ಗಿಸಿದ. "ಹೋಗಲಿ ಬಿಡು. ಹೊಸಾದರಾಗ ಶ್ರುತಿ ಗುಂಡಿ ಐತಲ್ಲ? ಆಕಿ ಆರಾಮಾಗಿ ಹಾಡ್ಲಿ. ನೀ ಆಮ್ಯಾಲ ತಿರುವಿ ಏರಿಸಿಬಿಡು. ಕಂಪನಿಯವರಿಗೂ ಖುಷಿ, ಆಕಿಗೂ ಖುಷಿ. ಡಬ್ಬಿನೂ ಬರ್ತಾವು."

ಮಲಕಪ್ಪ ಆ ಗುಂಡಿಯ ಮೇಲೆ ಬೆರಳಿಟ್ಟ. ಎಷ್ಟು ಸುಲಭ! ನಿಜ ಹೇಳಿದರೆ ಕಂಪನಿ ಕೈಬಿಡುತ್ತದೆ. ಅವಳ ಎಲ್ಲ ಉಪಕಾರ ಸ್ಮರಣೆ ಒಂದು ಸುಳ್ಳಿನ ಮೇಲೆ ನಿಂತದ್ದೆಂದು ಗೊತ್ತಾಗುತ್ತದೆ. ಗುರುವಾರದ ಬಸ್ಸು ಬರುತ್ತದೆ, ಅವಳು ಇಳಿಯುವುದಿಲ್ಲ. ಹೇಳದಿದ್ದರೆ? ತನ್ನದಲ್ಲದ ದನಿಯನ್ನು ಹುಡುಕುತ್ತ ಅವಳು ತನ್ನ ಗಂಟಲನ್ನೇ ತಿಂದುಹಾಕುತ್ತಾಳೆ.

ಬೆರಳು ತೆಗೆದ. ಮರುದಿನ ಅಂಗಡಿಗೆ ಬೀಗ ಹಾಕಿ ಕುಬಿಹಾಳದ ಬಸ್ಸು ಹತ್ತಿದ.

ಬಾಲವಾಡಿ ಬಿಟ್ಟಿತ್ತು. ಬೇವಿನ ಮರದ ಕೆಳಗೆ ರೇವವ್ವ ಮಕ್ಕಳು ಬರೆಯುವ ಪಾಟಿಗಳನ್ನು ಒರೆಸಿ ಜೋಡಿಸುತ್ತಿದ್ದಳು. ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದಳು. ಅವನನ್ನು ಕಂಡದ್ದೇ ಎದ್ದು ನಿಂತು ಪಿಸುದನಿಯಲ್ಲಿ ಅವಳೇ ಮೊದಲು ಕ್ಷಮೆ ಕೇಳಿದಳು.

"ತಪ್ಪಾತ್ರಿ. ನೀವು ಅಷ್ಟು ಮಾಡಿದ್ರಿ, ನನ್ನ ಕೈಲೆ ಆಗಲಿಲ್ಲ. ಕಂಪನಿಗೆ ನಾನ ಕಾಗದ ಬರೀತೀನಿ. ನಿಮ್ಮ ಹೆಸರಿಗೆ ಕುಂದ ಬರಬಾರದು."

ಅದನ್ನು ಕೇಳುವುದಕ್ಕಿಂತ ಎರಡೇಟು ತಿನ್ನುವುದು ಮೇಲಾಗಿತ್ತು. ಮಲಕಪ್ಪ ಚಪ್ಪಲಿ ಬಿಟ್ಟು ನೆಲದ ಮೇಲೆ, ಮಕ್ಕಳು ಕೂರುವ ಜಾಗದಲ್ಲಿ ಕೂತ. ಕರೆಂಟು, ಪಂಪು, ಆರಿಸಿದ ದೀಪ, ಕಪ್ಪು ಮೂರು, ಕಪ್ಪು ನಾಲ್ಕು, ಒಂದನ್ನೂ ಬಿಡದೆ ಹೇಳಿದ. ಹೇಳುವಷ್ಟು ಹೊತ್ತೂ ತಲೆ ಎತ್ತಲಿಲ್ಲ.

ಅವಳು ಕೈಯಲ್ಲಿದ್ದ ಪಾಟಿಯನ್ನು ಕೆಳಗಿಟ್ಟಳು. ಆಮೇಲೆ ಕೊರಳಿನ ಬಟ್ಟೆ ಬಿಚ್ಚಿದಳು. ಕಣ್ಣು ಮುಚ್ಚಿ, ತನಗೆ ಒಗ್ಗಿದ ಶ್ರುತಿಯಲ್ಲಿ, ಕೆಳಗೆ, ಮೆಲ್ಲಗೆ ಷಡ್ಜ ಹಿಡಿದಳು. ಮೊದಲು ಗೊರಗೊರ ಅಂತು. ಎರಡನೆಯ ಸಲ ಸ್ವಲ್ಪ ತಿಳಿಯಾಯಿತು. ಮೂರನೆಯ ಸಲ ಅದು ಬಂತು, ಅದೇ ತುಂಬಿದ, ಭಾರವಾದ ದನಿ. ರೇವವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು.

"ಐತ್ರಿ... ಇಲ್ಲೇ ಐತಿ. ಹೋಗಿಲ್ಲ."

"ಎಲ್ಲಿಗೂ ಹೋಗಿರಲಿಲ್ರಿ. ನಾನ ನಿಮ್ಮನ್ನ ತಪ್ಪಿಸಿಬಿಟ್ಟೆ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಅವನತ್ತ ತಿರುಗಿದಳು. ಈಗ ಕಣ್ಣಲ್ಲಿ ಸಿಟ್ಟು ಇತ್ತು.

"ಮೊದಲನೇ ದಿನಾನ ನಾ ಹೇಳಿದ್ನಿ, ಹೌದಿಲ್ಲೋ?"

"ಹೌದ್ರಿ."

"ನೀವು ನಕ್ಕಿರಿ."

"ಹೌದ್ರಿ. ನಗಬಾರದಿತ್ತು."

"ಆ ಮಷಿನ್‌ದಾಗ ಗುಂಡಿ ಐತಲ್ಲ, ಏರಸೋದು, ಇಳಸೋದು? ನಬೀಸಾಬಣ್ಣ ಹೇಳಿರಬೇಕ ನಿಮಗ, ತಿರುವಿಬಿಡು ಅಂತ."

ಮಲಕಪ್ಪ ಬೆಚ್ಚಿದ. ಈ ಹುಡುಗಿಗೆ ಎಲ್ಲ ಗೊತ್ತಾಗುತ್ತದೆ.

"ಹೇಳಿದ್ದ."

"ಯಾಕ ತಿರುವಲಿಲ್ಲ?"

ಅವನು ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದ, ಅಳಿಸಿದ. "ಆ ಕ್ಯಾಸೆಟ್‌ನ್ಯಾಗಿನ ಹುಡುಗಿ ಯಾರಂತ ನನಗ ಗೊತ್ತಿಲ್ರಿ. ಚಂದ ಹಾಡತಾಳ, ಹಾಡ್ಲಿ. ಅವತ್ತ ಕತ್ತಲದಾಗ ಹೆಡ್‌ಫೋನ್ ಹಾಕ್ಕೊಂಡು ನಾ ಕೇಳಿದ್ದು ನಿಮ್ಮನ್ನ. ಎದಿಗೆ ಬಂದು ಕುಂತಿದ್ದು ಆ ದನಿ. ಅದನ್ನ ಏರಿಸಿ ತೆಳ್ಳಗ ಮಾಡಾಕ ನನಗ ಮನಸ್ಸಾಗಲಿಲ್ಲ."

ಬೇವಿನ ಎಲೆಯೊಂದು ಪಾಟಿಯ ಮೇಲೆ ಬಿತ್ತು. ರೇವವ್ವ ಅದನ್ನು ತೆಗೆಯಲಿಲ್ಲ.

"ನೀವು ಹೇಳದ ಇದ್ದಿದ್ರ," ಅಂದಳು ನಿಧಾನವಾಗಿ, "ನಾ ಜಲ್ಮಪೂರ್ತಿ ಆ ಹುಡುಗಿ ಬೆನ್ನ ಹತ್ತಿರತಿದ್ನಿ. ನೀವು ನನಗ ದನಿ ಕೊಟ್ರಿ ಅಂತಿದ್ದೆ, ಸುಳ್ಳದು. ಇದ್ದ ದನಿ ಇಟ್ಟುಕೊಳ್ಳಾಕ ಕೊಟ್ರಿ. ಇದು ದೊಡ್ಡ ಉಪಕಾರ."

ಬೈಗುಳ ತಿನ್ನಲು ತಯಾರಾಗಿ ಬಂದವನಿಗೆ ಇದು ಬಂದರೆ ಏನು ಮಾಡಬೇಕು? ಮಲಕಪ್ಪ ಕೂತಲ್ಲೇ ಕೂತ. ಕುಂದಗೋಳಕ್ಕೆ ಹೋಗುವ ಬಸ್ಸು ಬಂದು ನಿಂತು, ಹಾರ್ನು ಹೊಡೆದು, ಅವನನ್ನು ಬಿಟ್ಟೇ ಹೋಯಿತು.

ಕಂಪನಿಗೆ ಅವನೇ ಎಲ್ಲ ಬರೆದ. ಎಂಟು ಹಾಡಿನ ಮಾತು ಈಗ ಬೇಡ, ನಿಜವಾದ ದನಿಯಲ್ಲಿ ಒಂದು ಹಾಡು ಕಳಿಸಿ ನೋಡೋಣ ಎಂದು ಕಾರ್ಡು ಬಂತು. ಸಿಟ್ಟೂ ಇಲ್ಲ, ಭರವಸೆಯೂ ಇಲ್ಲ.

"ಯಾವ ಮಷಿನ್‌ದಾಗ ಮಾಡೂಣ್ರಿ?" ಮಲಕಪ್ಪ ನೋಟಬುಕ್ ಅವಳ ಮುಂದೆ ಇಟ್ಟ.

ರೇವವ್ವ ಎರಡೂ ಕಡೆಯ ಸಾಲುಗಳನ್ನು ಓದಿದಳು. "ಹೊಸಾದು ಶಾಣ್ಯಾ ಐತ್ರಿ. ತಪ್ಪು ತಿದ್ದತೈತಿ, ಒಂದೊಂದ ಬ್ಯಾರೆ ಬ್ಯಾರೆ ಇಟ್ಟು ಜೋಡಸ್ತೈತಿ. ಖರೇ. ಆದ್ರ ಅದರಾಗ ಒಬ್ಬಾಕಿನ ಹಾಡಬೇಕು. ನಾ ಉಸಿರು ತಗೊಂಡ್ರ ಆ ಟಿಕ್ ಟಿಕ್ ಡಬ್ಬಿ ಕಾಯಂಗಿಲ್ಲ. ನಬೀಸಾಬಣ್ಣ ಕಾಯತಾನ. ನೀವೂ ಕಾಯತೀರಿ. ಹಳೇದರಾಗ ಎಲ್ಲಾರೂ ಕೂಡಿ ಕುಂದ್ರೂಣು."

"ಮತ್ತ ಕರೆಂಟಾ?" ಅಂದ ನಬೀಸಾಬ.

"ಪಂಪ್ ಏಳೂದರೊಳಗ ನಾವು ಏಳೂಣು," ಅಂದಳು ರೇವವ್ವ. ದೊಡ್ಡವ್ವನೊಡನೆ ಹಿಂದಿನ ದಿನವೇ ಬಂದು ನಬೀಸಾಬನ ಮನೆಯಲ್ಲಿ ಉಳಿದುಕೊಳ್ಳುವುದೆಂದು ಆಯಿತು.

ಬೆಳಗಿನ ಆರು ಗಂಟೆ. ಸ್ಟೇಷನ್ನಿನ ಕಡೆಯಿಂದ ಗಾಡಿ ಹೋದ ಮೇಲೆ ಊರು ಸುಮ್ಮನಾಗಿತ್ತು. ಈ ಸಲ ಮಲಕಪ್ಪ ಟ್ಯೂಬ್‌ಲೈಟಿನ ಬದಲು ಒಂದು ಸಾದಾ ಬಲ್ಬನ್ನು ಮಷಿನ್ನಿನ ಮೇಲೆ ತೂಗುಹಾಕಿದ್ದ. ಬೆಳಕು ಕೆಂಪಗಾದರೆ ತಕ್ಷಣ ನಿಲ್ಲಿಸಬೇಕು, ಬಲ್ಬಿನ ಮೇಲಿಂದ ಕಣ್ಣು ತೆಗೆಯಬಾರದು ಎಂದು ತನಗೆ ತಾನೇ ಹೇಳಿಕೊಂಡ.

ರೇವವ್ವ ಕಪ್ಪು ಮೂರನ್ನು ಒತ್ತಿದಳು. ನಬೀಸಾಬ ಕೈ ಎತ್ತಿ ಕಾದ. ಹಾಡು ಶುರುವಾಯಿತು.

ಕತ್ತಲಲ್ಲಿ ಕೂತು ಕೇಳಿದ್ದವನು ಅವಳು ಹಾಡುವಾಗ ಹೇಗೆ ಕಾಣುತ್ತಾಳೆಂದು ನೋಡಿಯೇ ಇರಲಿಲ್ಲ. ಈಗ ನೋಡಿದ. ಕೆಳಗಿನ ಸ್ವರಕ್ಕೆ ಇಳಿಯುವಾಗ ಅವಳ ಹುಬ್ಬು ಚೂರು ಬಾಗುತ್ತಿತ್ತು. ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವಾಗ ತುಟಿಯ ಅಂಚಿನಲ್ಲಿ ನಗು ಸುಳಿದುಹೋಗುತ್ತಿತ್ತು. ಒಂದು ಸಲ ಕಣ್ಣು ತೆರೆದವಳು ಅವನು ನೋಡುತ್ತಿರುವುದನ್ನು ಕಂಡಳು. ಶ್ರುತಿ ಅಲುಗಲಿಲ್ಲ, ಕೆನ್ನೆ ಮಾತ್ರ ಕೆಂಪಾಯಿತು. ಬಲ್ಬನ್ನು ನೋಡುವುದು ಮಲಕಪ್ಪನಿಗೆ ಮರೆತೇಹೋಯಿತು. ಪುಣ್ಯಕ್ಕೆ ಅದು ಉರಿಯುತ್ತಲೇ ಇತ್ತು.

ಈ ಹಾಡನ್ನು ಕೇಳಿದ ಕಂಪನಿಯವರು ಮುಂದೆ ಅವಳಿಂದ ಎಂಟಲ್ಲ, ಎರಡೇ ಹಾಡು ತೆಗೆದುಕೊಂಡರು. ಹಲವರು ಹಾಡಿದ ಒಂದು ಕ್ಯಾಸೆಟ್ಟಿನ ಕೊನೆಯಲ್ಲಿ ಅವು ಬಂದವು. ಆದರೆ ಆ ಬೆಳಿಗ್ಗೆ ಇಬ್ಬರಲ್ಲಿ ಒಬ್ಬರಿಗೂ ಕಂಪನಿಯ ನೆನಪಿರಲಿಲ್ಲ.

ಹಾಡು ಮುಗಿದ ಮೇಲೆ ನಬೀಸಾಬ ಮುಖ ತೊಳೆಯಲೆಂದು ಎದ್ದು ಹಿತ್ತಿಲಿಗೆ ಹೋದ. ಅಂಗಡಿಯ ಮುಂದೆ ಮೈಲಾರವ್ವ ಒಲೆ ಹೊತ್ತಿಸಿಕೊಂಡು ಕೂತಿದ್ದಳು. ಮಲಕಪ್ಪ ಟೇಪನ್ನು ಹಿಂದಕ್ಕೆ ಸುತ್ತಿ ಹಚ್ಚಿದ. ಇಬ್ಬರೂ ಮಷಿನ್ನಿನ ಮುಂದೆ ಕೂತು, ಒಬ್ಬರನ್ನೊಬ್ಬರು ನೋಡದೆ ಕೇಳಿದರು.

ಅರ್ಧ ಹಾಡಾಗಿರಬೇಕು. ಹೊರಗಿನಿಂದ ಮೈಲಾರವ್ವ ಕೂಗಿದಳು: "ರೇವಾ! ಸಾಕ ಮಾಡ ಬೇ! ಈಗರೆ ಗಂಟಲಾ ನೆಟ್ಟಗಾಗೈತಿ, ಮತ್ತೆಷ್ಟು ಹಾಡತಿ? ಚಹಾ ಆರಾಕತ್ತೈತಿ ಬಾ!"

ರೇವವ್ವ ಬಾಯಿ ಮುಚ್ಚಿಯೇ ಕೂತಿದ್ದಳು. ಹಾಡು ನಡೆದೇ ಇತ್ತು. ಹುಟ್ಟಿದಾಗಿನಿಂದ ಅವಳನ್ನು ಕೇಳಿದ ಕಿವಿ ಅದು. ಮಲಕಪ್ಪನಿಗೆ ಎರಡು ವರ್ಷದ ಕೆಲಸದಲ್ಲಿ ಇಂಥ ಸರ್ಟಿಫಿಕೇಟು ಸಿಕ್ಕಿರಲಿಲ್ಲ. ಇದು ಟೇಪು ಎಂದು ಕೂಗಿ ಹೇಳಲು ಬಾಯಿ ತೆರೆದ. ರೇವವ್ವ ತಟ್ಟನೆ ಅವನ ಕೈ ಹಿಡಿದು, ತುಟಿಯ ಮೇಲೆ ಬೆರಳಿಟ್ಟು, ಬೇಡ ಎಂದು ತಲೆ ಅಲ್ಲಾಡಿಸಿದಳು. ಹಿಡಿದ ಕೈಯನ್ನು ಬಿಡಲಿಲ್ಲ.

"ನಾವು ಹಾಡಾಕತ್ತೀವಿ ಅಂತ ತಿಳಕೊಂಡಾಳ," ಪಿಸುಗುಟ್ಟಿದಳು. "ಹಾಡು ಮುಗಿಯೂ ತನಕ ಒಳಗ ಬರಂಗಿಲ್ಲ. ಏನರೆ ಹೇಳೂದಿದ್ರ ಈಗ ಹೇಳ್ರಿ."

"ಎಷ್ಟು ಹೊತ್ತೈತ್ರಿ?"

"ನಿಮ್ಮ ಟೇಪು, ನನ್ನ ಕೇಳತೀರಲ್ಲ!"

ಮಲಕಪ್ಪ ಸ್ಪೂಲನ್ನು ನೋಡಿದ. ಎರಡು ನಿಮಿಷದಷ್ಟು ಟೇಪು ಉಳಿದಿತ್ತು. ಅವನಿಗೆ ಅಷ್ಟು ಬೇಕಾಗಲಿಲ್ಲ.

"ಈ ದನಿ ನನ್ನ ಮನಿಯಾಗ ದಿನಾ ಕೇಳಬೇಕ್ರಿ ನನಗ. ಹಾಡಲಿಕ್ಕಂದ್ರೂ ನಡೀತೈತಿ. ಬೈದ್ರೂ ನಡೀತೈತಿ."

ರೇವವ್ವ ನಕ್ಕಳು. ಪಿಸುಗುಟ್ಟುವುದನ್ನು ಮರೆತು, ತನ್ನ ಪೂರ್ತಿ ಭಾರದ ದನಿಯಲ್ಲಿ, ಜೋರಾಗಿ ನಕ್ಕಳು. ಟೇಪಿನಲ್ಲಿ ಹಾಡು ಹಾಗೇ ಮುಂದುವರಿದಿತ್ತು. ಹೊರಗೆ ಮೈಲಾರವ್ವನ ಕೈಯಲ್ಲಿದ್ದ ಚಹಾದ ಬಸಿ ನೆಲಕ್ಕೆ ಬಿತ್ತು. ನಬೀಸಾಬ ಆಗಷ್ಟೇ ಹಿತ್ತಿಲಿನಿಂದ ಸುತ್ತಿಕೊಂಡು ಚಹಾಕ್ಕೆ ಬಂದಿದ್ದ.

"ಅಯ್ಯ ನಬೀಸಾಬಾ, ಹಾಡೂದೂ ಈಕಿನ, ನಗೂದೂ ಈಕಿನ! ಇದ್ಹೆಂಗೋ?"

"ನೀ ಸುಮ್ನ ಕುಂದ್ರು ಯವ್ವಾ," ಅಂದ ನಬೀಸಾಬ, ಅವಳಿಗೆ ಇನ್ನೊಂದು ಬಸಿ ಕೊಡುತ್ತ. "ಒಳಗ ಹೋಗಬ್ಯಾಡ. ಹಾಡು ಪೂರಾ ಮುಗೀಲಿ."